ಕೊಬ್ಬರಿ ಎಣ್ಣೆಯೋ, ಶೇಂಗಾ ಎಣ್ಣೆಯೋ?

ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆಯಾ? ಅಡುಗೆಗೆ ಯಾವ ಎಣ್ಣೆ ಅಂತ ಯೋಚನೆಯಾ? ಮೊದಲು ಬಾಟಲಿ ಮೇಲಿನ ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಮಾತನ್ನು ಬದಿಗಿಡಿ. ಈ ಎರಡೂ ಎಣ್ಣೆಗಳಲ್ಲಿ ಅದು ಇರುವುದೇ ಇಲ್ಲ. ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಂಪಿಗೆ ಬೇಗ ಗಟ್ಟಿಯಾಗುವ ಬಗೆಯ ಕೊಬ್ಬು. ಅದು ಹೆಚ್ಚಾದರೆ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಲಿವರ್ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ.

ಚಳಿಗಾಲದ ಬೆಳಿಗ್ಗೆ ಅಡುಗೆಮನೆಯ ಕಟ್ಟೆ ಮೇಲೆ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಪಕ್ಕದ ಶೇಂಗಾ ಎಣ್ಣೆ ಹರಿಯುತ್ತಲೇ ಇರುತ್ತದೆ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ ಸುಮಾರು 11 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದ್ದರೆ, ಅಷ್ಟೇ ಶೇಂಗಾ ಎಣ್ಣೆಯಲ್ಲಿ 2ರಿಂದ 3 ಗ್ರಾಂ. ವ್ಯತ್ಯಾಸ ಸಣ್ಣದಲ್ಲ.

ಕೊಬ್ಬರಿ ಎಣ್ಣೆ ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲನ್ನು ಕೂಡ ಏರಿಸುತ್ತದೆ, ನಿಜ. ಆದರೆ ಜೊತೆಗೆ ಎಲ್‌ಡಿಎಲ್ಲೂ ಏರುತ್ತದಲ್ವಾ? ಹಾಗಾಗಿ ದಿನದ ಅಡುಗೆಗೆ ನಾನು ಹೇಳುವುದು ಶೇಂಗಾ ಎಣ್ಣೆಯನ್ನೇ. ಕರಾವಳಿಯವರಿಗೆ ಆ ಘಮ ಬಿಡುವುದು ಕಷ್ಟ, ಗೊತ್ತು. ಪಲ್ಯ ಇಳಿಸಿದ ಮೇಲೆ ಅರ್ಧ ಚಮಚ ಕೊಬ್ಬರಿ ಎಣ್ಣೆ ಹಾಕಿ ಕಲಸಿ. ಬಿಸಿಗೆ ಘಮ ಏಳುತ್ತದೆ, ಅಷ್ಟು ಸಾಕು.

ಶೇಂಗಾ ಅಲರ್ಜಿ ಇದ್ದರೆ ಸೂರ್ಯಕಾಂತಿ ಎಣ್ಣೆ ನೋಡಿ. ಯಾವುದೇ ಎಣ್ಣೆಯಾದರೂ ಸುಮ್ನೆ ಸುರಿಯಬೇಡಿ, ಒಂದು ಗ್ರಾಂಗೆ 9 ಕ್ಯಾಲೊರಿ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ಅದು ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಇಳಿಸಲು ಒಳ್ಳೆಯದು. ಎಲ್‌ಡಿಎಲ್ ಮಾತ್ರ ನಡಿಗೆಗಿಂತ ತಟ್ಟೆಯ ಮಾತನ್ನೇ ಜಾಸ್ತಿ ಕೇಳುತ್ತದೆ. ಡಾಕ್ಟರು ಮಾತ್ರೆ ಕೊಟ್ಟಿದ್ದರೆ, ಎಣ್ಣೆ ಬದಲಿಸಿದೆ ಅಂತ ಅದನ್ನು ನಿಲ್ಲಿಸಬೇಡಿ.