ಬೆಂಚಿನ ಮೇಲಿದ್ದ ಫೋನು ನನ್ನ ಎದೆಬಡಿತ ತೋರಿಸಿತು! ಇಂಥ ಆ್ಯಪ್ ನಂಬುವ ಮೊದಲು ಇದನ್ನು ಓದಿ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. 11 ತಿಂಗಳು ಒಂದು ಆ್ಯಪ್ ನಂಬಿದೆ. ನಂಬಿದ್ದಷ್ಟೇ ಅಲ್ಲ, ನಾಲ್ಕು ಜನಕ್ಕೆ ಹೇಳಿ ಅವರ ಫೋನಿಗೂ ಹಾಕಿಸಿದೆ. ಆ ನಾಲ್ವರಲ್ಲಿ ಒಬ್ಬರು ನನ್ನ ಭಾವ. ಬಿಪಿ ಮಾತ್ರೆ ತೆಗೆದುಕೊಳ್ಳುವವರು. ಅದಕ್ಕೇ ಸುಮ್ಮನಿರಲು ಆಗುತ್ತಿಲ್ಲ.

ವ್ಯಾಯಾಮದ ಲೆಕ್ಕ ಇಟ್ಟು ಎದೆಬಡಿತ ತೋರಿಸುವ ಆ್ಯಪ್ ಅದು. ಇಂಥವು ಹೇಗಿರುತ್ತವೆ ಅಂತ ನಿಮಗೆ ಗೊತ್ತೇ ಇದೆ. ಹಾಕಿಕೊಂಡ ಕೂಡಲೇ ವಯಸ್ಸು, ತೂಕ, ಎತ್ತರ ಕೇಳುತ್ತದೆ. 7 ದಿನ ಟ್ರಯಲ್, ಆಮೇಲೆ ವರ್ಷದ ಹಣ ತಾನಾಗಿಯೇ ಕಟ್. ಅದೆಲ್ಲ ನೋಡಿಯೇ ಒಪ್ಪಿಕೊಂಡೆ. ಹಣ ಕೊಡದೆ ಬಳಸಿದರೆ ಹೆಜ್ಜೆ, ದೂರ, ಸಮಯ ಇಷ್ಟೇ. ಹಣ ಕೊಟ್ಟರೆ ವ್ಯಾಯಾಮದ ಉದ್ದಕ್ಕೂ ಎದೆಬಡಿತ. ಕೈಗೆ ವಾಚ್ ಬೇಡ, ಎದೆಗೆ ಪಟ್ಟಿ ಬೇಡ, ನಿಮ್ಮ ಫೋನ್ ಒಂದಿದ್ದರೆ ಸಾಕು ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ಹಣ ಕೊಟ್ಟಿದ್ದು ಆ ಒಂದು ಸಾಲಿಗೆ. ಬೇರೆ ಯಾವುದಕ್ಕೂ ಅಲ್ಲ.

ಶುರು ಮಾಡುವ ಮೊದಲು ಕ್ಯಾಮೆರಾ ಮೇಲೆ ಬೆರಳಿಡಿ ಅನ್ನುತ್ತಿತ್ತು. ಫ್ಲಾಶ್ ಹತ್ತಿ ಬೆರಳು ಕೆಂಪಗೆ ಹೊಳೆಯುತ್ತಿತ್ತು. ಸ್ಕ್ರೀನ್ ಮೇಲೆ ಅಲೆಅಲೆಯಾಗಿ ಗೆರೆ ಓಡಿ 72 ಅಂತ ಬರುತ್ತಿತ್ತು. ಆಮೇಲೆ ಫೋನ್ ಜೇಬಿಗೆ. ವ್ಯಾಯಾಮ ಮುಗಿದರೆ ಚೆಂದದ ಗ್ರಾಫ್ ರೆಡಿ. ಎಲ್ಲಿ ಏರಿತು, ಎಲ್ಲಿ ಇಳಿಯಿತು, ಹಸಿರು, ಹಳದಿ, ಕೆಂಪು. ಜೇಬಿನಲ್ಲಿದ್ದ ಫೋನಿಗೆ ನನ್ನ ಎದೆಬಡಿತ ಗೊತ್ತಾಗಿದ್ದು ಹೇಗೆ ಅಂತ ನಾನು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಒಂದೇ ಒಂದು ದಿನವೂ.

ಅವತ್ತು ಜಿಮ್‌ನಲ್ಲಿ ಸೈಕಲ್ ತುಳಿಯಬೇಕಿತ್ತು. ಬೆರಳಿಟ್ಟೆ, ಸೈಕಲ್ ಅಂತ ಆರಿಸಿದೆ, ಶುರು ಒತ್ತಿದೆ. ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಮನೆ ವಿಷಯ, ಉದ್ದದ ಮಾತು. ಇಯರ್‌ಫೋನ್ ಹಾಕಿಕೊಂಡು, ಫೋನನ್ನು ಬೆಂಚಿನ ಮೇಲೆ ಪಕ್ಕಕ್ಕಿಟ್ಟು ಕೂತುಬಿಟ್ಟೆ. 40 ನಿಮಿಷ. ನಡುವೆ ಒಂದು ಸಲವೂ ಎದ್ದಿಲ್ಲ. ಮಾತು ಮುಗಿಸಿ ನೋಡಿದರೆ ಆ್ಯಪ್ ಇನ್ನೂ ಓಡುತ್ತಲೇ ಇತ್ತು. ನಿಲ್ಲಿಸಿದೆ.

ಗ್ರಾಫ್ ಬಂತು.

ಸರಾಸರಿ 139. ಗರಿಷ್ಠ 158. ಮೊದಲ ಐದು ನಿಮಿಷ ನಿಧಾನವಾಗಿ ಏರಿಕೆ, ನಡುವೆ ಎರಡು ಕಡೆ ಕೆಂಪು, ಕೊನೆಯಲ್ಲಿ ನೀಟಾಗಿ ಇಳಿಕೆ. ಕೆಳಗೆ 'ಭೇಷ್! ಇವತ್ತು ನಿಮ್ಮ ಹೃದಯ ಚೆನ್ನಾಗಿ ದುಡಿದಿದೆ' ಅನ್ನುವ ಸಾಲು. ನಾನು ಕೂತಿದ್ದೆ. ಕೂತೇ ಇದ್ದೆ! ಸೈಕಲ್ ಮುಟ್ಟಿಯೂ ಇರಲಿಲ್ಲ. ಎರಡು ನಿಮಿಷ ಆ ಸ್ಕ್ರೀನನ್ನೇ ನೋಡುತ್ತಾ ಇದ್ದೆ. ಆಮೇಲೆ ಹಳೆಯ ಗ್ರಾಫುಗಳನ್ನು ಒಂದೊಂದಾಗಿ ತೆಗೆದೆ. ಸೈಕಲ್ ತುಳಿದ ದಿನಗಳದ್ದೆಲ್ಲ ಹೆಚ್ಚುಕಡಿಮೆ ಒಂದೇ ಆಕಾರ. ಜ್ವರ ಬಿಟ್ಟ ಮಾರನೇ ದಿನ ಸುಸ್ತಾಗಿ ಅರ್ಧಂಬರ್ಧ ತುಳಿದಿದ್ದೆ. ಅವತ್ತಿನದೂ ಅದೇ. ತುಂಬಾ ಖುಷಿಯಿಂದ ಜಾಸ್ತಿ ತುಳಿದ ದಿನದ್ದೂ ಅದೇ. 11 ತಿಂಗಳು ನನ್ನ ಕಿವಿಗೆ ಹೂ ಇಟ್ಟಿದ್ದರು.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಒಂದೊಂದೇ ಪರೀಕ್ಷೆ ಮಾಡಿದೆ. ಮೊದಲು ಕ್ಯಾಮೆರಾಗೆ ಬೆರಳಿನ ಬದಲು ಮಡಚಿದ ಕೆಂಪು ಟವೆಲ್ ಒತ್ತಿ ಹಿಡಿದೆ. 76 ಬಂತು. 'ನಿಮ್ಮ ಹೃದಯ ಶಾಂತವಾಗಿದೆ.' ಟವೆಲ್‌ಗೆ ಹೃದಯ! ಆಮೇಲೆ ಪ್ರೊಫೈಲ್‌ಗೆ ಹೋಗಿ ನನ್ನ ವಯಸ್ಸನ್ನು 43ರಿಂದ 63 ಮಾಡಿದೆ. ಸೈಕಲ್ ಅಂತ ಆರಿಸಿ, ಫೋನನ್ನು ಮೇಜಿನ ಮೇಲಿಟ್ಟು 40 ನಿಮಿಷ ಬಿಟ್ಟೆ. ಅದೇ ಗ್ರಾಫ್, ಸ್ವಲ್ಪ ಕೆಳಗೆ ಇಳಿದಿತ್ತು ಅಷ್ಟೇ. ಗರಿಷ್ಠ 140.

ಪೆನ್ನು ಹಿಡಿದು ಲೆಕ್ಕ ಹಾಕಿದೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಎದೆಬಡಿತ ಅನ್ನುವ ಸೂತ್ರ ನೀವೂ ಕೇಳಿರುತ್ತೀರಿ. 220ರಲ್ಲಿ 43 ಹೋದರೆ 177. ಅದರ ನೂರಕ್ಕೆ 89 ಅಂದರೆ 158. 220ರಲ್ಲಿ 63 ಹೋದರೆ 157. ಅದರ ನೂರಕ್ಕೆ 89 ಅಂದರೆ 140. ಸರಿಯಾಗಿ ಕೂತಿತು. ನನ್ನ ಎದೆಯಿಂದ ಒಂದು ಬಡಿತವನ್ನೂ ಅದು ತೆಗೆದುಕೊಂಡಿರಲಿಲ್ಲ. ನಾನು ಕೊಟ್ಟ ವಯಸ್ಸನ್ನೇ ಬಣ್ಣ ಹಚ್ಚಿ ನನಗೆ ವಾಪಸ್ ಮಾರುತ್ತಿತ್ತು.

ಆ ಸೂತ್ರವಾದರೂ ಎಂಥದ್ದು ಗೊತ್ತಾ? ಅದು 1971ರ ಸುಮಾರಿಗೆ, ಬೇರೆಬೇರೆ ಕಡೆಯ ಅಂಕಿಗಳನ್ನು ಒಟ್ಟಿಗೆ ಇಟ್ಟು ಎಳೆದ ಒಂದು ಅಂದಾಜು ಗೆರೆ. 2001ರಲ್ಲಿ ತನಾಕ ಎಂಬ ಸಂಶೋಧಕರು ಮತ್ತು ಜೊತೆಗಾರರು ಅದನ್ನು ತಿದ್ದಿ, ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಿರಿ ಅಂದರು. 43ಕ್ಕೆ ಎರಡೂ ಸೂತ್ರ ಹತ್ತಿರ ಹತ್ತಿರ ಬರುತ್ತವೆ. 63ಕ್ಕೆ ಬಂದರೆ ಹಳೆಯದು 157, ಹೊಸದು 164. ಅದೂ ಹೋಗಲಿ, ಒಂದೇ ವಯಸ್ಸಿನ ಇಬ್ಬರ ನಡುವೆಯೇ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಕೆಲವು ಬಿಪಿ ಮಾತ್ರೆಗಳು ಎದೆಬಡಿತವನ್ನೇ ಹಿಡಿದಿಡುತ್ತವೆ. ಅಂಥವರಿಗೆ ಈ ಸೂತ್ರ ಲೆಕ್ಕಕ್ಕೇ ಬರುವುದಿಲ್ಲ.

ಅಲ್ಲಿಗೆ ಬಂದಾಗ ನನಗೆ ಭಾವ ನೆನಪಾದರು.

ಭಾವನಿಗೆ 58. ಬೆಳಗ್ಗೆ ನಡೆಯಿರಿ, ಆದರೆ ಸದ್ಯಕ್ಕೆ ಎದೆಬಡಿತ 110 ದಾಟಬಾರದು ಅಂತ ಡಾಕ್ಟರು ಹೇಳಿದ್ದರು. ಅದನ್ನು ನೋಡಿಕೊಳ್ಳಲಿ ಅಂತಲೇ ನಾನು ಈ ಆ್ಯಪ್ ಹಾಕಿಕೊಟ್ಟಿದ್ದು. ಬೆಳಗಾಗುವುದನ್ನೇ ಕಾದು ಫೋನ್ ಮಾಡಿದೆ. "ಭಾವ, ನಡೆಯುವಾಗ ಅದು ಎಷ್ಟು ತೋರಿಸುತ್ತದೆ?" ಅಂದೆ. "ನೂರು, ನೂರಾ ಒಂದು. ಗುರಿ ಮುಟ್ಟಿಲ್ಲ, ವೇಗ ಹೆಚ್ಚಿಸಿ ಅಂತ ದಿನಾ ಹೇಳುತ್ತದಮ್ಮಾ. ಅದಕ್ಕೇ ಸ್ವಲ್ಪ ಬಿರುಸಾಗಿ ನಡೆಯುತ್ತಿದ್ದೇನೆ" ಅಂದರು. ನನ್ನ ಕೈಕಾಲು ತಣ್ಣಗಾಯಿತು. ಅದು ಹೇಳುತ್ತಿದ್ದ ಗುರಿ 113ರಿಂದ 138. ಅದೇ 220ರ ಸೂತ್ರ: 220ರಲ್ಲಿ 58 ಹೋದರೆ 162, ಅದರ ನೂರಕ್ಕೆ 70ರಿಂದ 85. ಡಾಕ್ಟರು ದಾಟಬೇಡಿ ಅಂದ ಗೆರೆಯ ಆಚೆಗೆ ಇವರನ್ನು ದಿನಾ ತಳ್ಳುತ್ತಿತ್ತು.

ಗೆಳತಿಯ ಹತ್ತಿರ ಎದೆಗೆ ಕಟ್ಟುವ ಪಟ್ಟಿ ಇತ್ತು, ಇಸಿದುಕೊಂಡು ಹೋದೆ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಪಟ್ಟಿ ಭಾವನ ಎದೆಗೆ, ಅದರ ಲೆಕ್ಕ ನನ್ನ ಫೋನಿಗೆ. ಈ ಆ್ಯಪ್ ಅವರ ಫೋನಿನಲ್ಲಿ. ಇಬ್ಬರೂ ಜೊತೆಯಲ್ಲಿ ನಡೆದೆವು. ಸಣ್ಣ ಏರು ಬಂತು. ಅವರ ಫೋನಿನಲ್ಲಿ 101, ಹಸಿರು. ನನ್ನ ಫೋನಿನಲ್ಲಿ 121. "ಭಾವ, ನಿಲ್ಲಿ, ಕೂತುಕೊಳ್ಳಿ" ಅಂದೆ. ಅವರು ಕೂತರು. ಎರಡೂ ಫೋನ್ ನೋಡಿದರು. "ಹೋಗಲಿ ಬಿಡಮ್ಮಾ, ನಿನಗೇನು ಗೊತ್ತಿತ್ತು" ಅಂದರು. ಬೈದಿದ್ದರೂ ಪರವಾಗಿರಲಿಲ್ಲ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಏನೂ ಆಗಿಲ್ಲ, ಆದರೆ ಇನ್ನು ಮೇಲೆ ಆ ವೇಗ ಬೇಡ ಅಂದರು. ಏನಾದರೂ ಆಗಿದ್ದರೆ? ಅಕ್ಕನಿಗೆ ನಾನು ಏನು ಹೇಳಬೇಕಿತ್ತು?

ಈಗ ಆ್ಯಪ್‌ನವರ ಉತ್ತರಗಳನ್ನು ಕೇಳಿ.

ಕೂತಿದ್ದ ದಿನದ ಗ್ರಾಫು, ಟವೆಲ್ಲಿನ ವಿಡಿಯೊ, ವಯಸ್ಸು ಬದಲಿಸಿದ ಲೆಕ್ಕ ಎಲ್ಲ ಹಾಕಿ ಅವರ ಸಹಾಯ ವಿಭಾಗಕ್ಕೆ ಬರೆದೆ. ಮೊದಲ ಉತ್ತರ: 'ಕ್ಯಾಮೆರಾ ಗಾಜು ಒರೆಸಿ, ಬೆರಳನ್ನು ಮೆಲ್ಲಗೆ ಒತ್ತಿ ಹಿಡಿಯಿರಿ.' ಬೆರಳೇ ಇರಲಿಲ್ಲ ಸ್ವಾಮೀ, ಟವೆಲ್ ಇತ್ತು ಅಂತ ಮತ್ತೆ ಬರೆದೆ. ಎರಡನೆಯದು: 'ಬೆಳಕು ಮತ್ತು ಚರ್ಮದ ಬಣ್ಣದಿಂದ ಫಲಿತಾಂಶದಲ್ಲಿ ವ್ಯತ್ಯಾಸ ಬರಬಹುದು.' ಮೂರನೆಯ ಸಲ ನೇರವಾಗಿ ಒಂದೇ ಪ್ರಶ್ನೆ ಕೇಳಿದೆ. ಫೋನ್ ಜೇಬಿನಲ್ಲಿದ್ದಾಗ ನೀವು ಎದೆಬಡಿತ ಅಳೆಯುತ್ತೀರೋ ಇಲ್ಲವೋ? ಒಂಬತ್ತು ದಿನ ಉತ್ತರ ಇಲ್ಲ. ಆಮೇಲೆ ಬಂತು. 'ವ್ಯಾಯಾಮದ ವೇಳೆಯ ಎದೆಬಡಿತ ಅಂದಾಜು ಎಂದು ನಮ್ಮ ನಿಯಮಗಳಲ್ಲಿ ತಿಳಿಸಿದ್ದೇವೆ. ನೀವು ಒಪ್ಪಿಗೆ ಒತ್ತಿದ್ದೀರಿ. ಈ ಆ್ಯಪ್ ವೈದ್ಯಕೀಯ ಉದ್ದೇಶಕ್ಕಲ್ಲ.'

ಹುಡುಕಿದೆ. ಹೌದು, ಇದೆ. ನಿಯಮಗಳ ಪುಟದ ಎಲ್ಲೋ ತಳದಲ್ಲಿ ಒಂದು ಸಾಲು. ಗ್ರಾಫಿನ ಮೇಲೆ ಎಲ್ಲಾದರೂ 'ಅಂದಾಜು' ಅನ್ನುವ ಪದ ಇದೆಯಾ? ಇಲ್ಲ. ಹಣ ಕೇಳುವ ಪುಟದಲ್ಲಿ ಇದೆಯಾ? ಇಲ್ಲ. ಹಣ ವಾಪಸ್ ಕೊಡಿ ಅಂದೆ. '11 ತಿಂಗಳು ಬಳಸಿದ್ದೀರಿ, ಅಂದರೆ ನಿಮಗೆ ಉಪಯೋಗವಾಗಿದೆ ಎಂದು ಭಾವಿಸುತ್ತೇವೆ. ಗೌರವಪೂರ್ವಕವಾಗಿ ಇನ್ನೂ 3 ತಿಂಗಳು ಉಚಿತವಾಗಿ ಕೊಡುತ್ತೇವೆ.' ಇದನ್ನು ಓದಿದಾಗ ಮೈಯೆಲ್ಲ ಉರಿಯಿತು. ಇನ್ನೂ 3 ತಿಂಗಳು ಇದೇ ಸುಳ್ಳು ನೋಡಬೇಕಾ? ರಿವ್ಯೂ ಬರೆದೆ. ಅದರ ಕೆಳಗೆ ಅವರು 'ನಿಮಗಾದ ತೊಂದರೆಗೆ ವಿಷಾದವಿದೆ, ದಯವಿಟ್ಟು ನಮ್ಮನ್ನು ಸಂಪರ್ಕಿಸಿ' ಅಂತ ಹಾಕಿದ್ದಾರೆ. ನಾನು ಒಂದು ಸಲವೂ ಸಂಪರ್ಕಿಸಿಯೇ ಇಲ್ಲ ಅನ್ನುವ ಹಾಗೆ! ಓದುವವರು ಪಾಪ, ಎಷ್ಟು ಒಳ್ಳೆಯವರು ಅಂದುಕೊಳ್ಳುತ್ತಾರೆ ಅಲ್ವಾ.

ಸಿಟ್ಟಿನಲ್ಲಿ ಆ್ಯಪ್ ಡಿಲೀಟ್ ಮಾಡಿದೆ. ಮುಂದಿನ ತಿಂಗಳು ಎರಡನೇ ವರ್ಷದ ಹಣ ಕಟ್ ಆಯಿತು. ಇದು ನನ್ನ ತಪ್ಪೇ, ಒಪ್ಪುತ್ತೇನೆ. ಆ್ಯಪ್ ತೆಗೆದರೆ ಸಬ್‌ಸ್ಕ್ರಿಪ್ಶನ್ ಹೋಗುವುದಿಲ್ಲ. ಆಂಡ್ರಾಯ್ಡ್ ಆದರೆ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಪಾವತಿ ಮತ್ತು ಸಬ್‌ಸ್ಕ್ರಿಪ್ಶನ್ ಇರುವ ಕಡೆ ಹೋಗಿ ರದ್ದು ಮಾಡಬೇಕು. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿದರೆ ಸಿಗುತ್ತದೆ. ಅಲ್ಲಿ ಟ್ರಯಲ್ ಮುಗಿಯುವ 24 ಗಂಟೆ ಮೊದಲೇ ರದ್ದು ಮಾಡಿ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಎದೆಬಡಿತದ ಹೆಸರಿನಲ್ಲಿ ಹಣ ಹೊಡೆಯುವುದು ಹೊಸದೇನಲ್ಲ. 2018ರ ಕೊನೆಯಲ್ಲಿ ಐಫೋನಿನ ಕೆಲವು ಆ್ಯಪ್‌ಗಳು ಇನ್ನೂ ಕೆಟ್ಟ ಕೆಲಸ ಮಾಡಿದ್ದವು. ಬೆರಳಚ್ಚಿನ ಬಟನ್ ಮೇಲೆ ಬೆರಳಿಡಿ, ಅಳೆಯುತ್ತೇವೆ ಅಂತ ಹೇಳಿ, ಸ್ಕ್ರೀನಿನ ಬೆಳಕು ಇಳಿಸಿ, ಅದೇ ಬೆರಳಿನಿಂದ ಪಾವತಿಗೆ ಒಪ್ಪಿಗೆ ಪಡೆಯುತ್ತಿದ್ದವು. ಆಪಲ್ ಆಮೇಲೆ ಅವನ್ನು ತೆಗೆದುಹಾಕಿತು.

ಕ್ಯಾಮೆರಾದಲ್ಲಿ ಅಳೆಯುವುದೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಪ್ರತಿ ಬಡಿತಕ್ಕೂ ಬೆರಳಿನಲ್ಲಿ ರಕ್ತ ಜಾಸ್ತಿಯಾಗಿ ಬೆಳಕು ಒಂದು ಚೂರು ಕಡಿಮೆಯಾಗುತ್ತದೆ. ಅದನ್ನು ಎಣಿಸುವುದು ನಿಜವಾದ ವಿಧಾನವೇ. ಆದರೆ ಬೆರಳು ಅಲ್ಲೇ ಇರಬೇಕು, ಅಲುಗಾಡದೆ ಕೂತಿರಬೇಕು. ವಾಚ್‌ನ ಹಸಿರು ದೀಪ ಮಾಡುವುದೂ ಇದನ್ನೇ, ಆದರೆ ಅದು ಮೈಗೆ ಅಂಟಿಕೊಂಡಿರುತ್ತದೆ. ಅದೂ ಸಡಿಲವಾಗಿದ್ದರೆ ಓಟದ ಹೆಜ್ಜೆಯನ್ನೇ ಬಡಿತ ಅಂತ ಎಣಿಸಿಬಿಡುವುದುಂಟು. ಮೈಗೆ ಏನೂ ತಾಗದೆ, ಜೇಬಿನಲ್ಲಿ ಸುಮ್ನೆ ಇರುವ ಫೋನು ಓಡುವಾಗಿನ ಬಡಿತ ತೋರಿಸಿದರೆ ಅದು ಕಾಗೆ ಹಾರಿಸುತ್ತಿದೆ ಅಷ್ಟೇ. ಇದನ್ನು ಯಾರಾದರೂ 11 ತಿಂಗಳ ಹಿಂದೆ ನನಗೆ ಹೇಳಿದ್ದರೆ!

ಹಣ ಕೊಡುವ ಮೊದಲು ನಾನು ಮಾಡಿದ್ದನ್ನೇ ಮಾಡಿ. ಶುರು ಒತ್ತಿ, ಫೋನ್ ಮೇಜಿನ ಮೇಲಿಟ್ಟು, ಅರ್ಧ ಗಂಟೆ ಬೇರೆ ಕೆಲಸ ನೋಡಿಕೊಳ್ಳಿ. ಗ್ರಾಫ್ ಬಂದರೆ ಅಲ್ಲಿಗೆ ಮುಗಿಯಿತು. ವಾಚ್ ಅಥವಾ ಪಟ್ಟಿಯ ಜೊತೆ ಬ್ಲೂಟೂತ್‌ನಲ್ಲಿ ಸೇರಿಕೊಳ್ಳಲು ಬರದ ಆ್ಯಪ್‌ಗೆ ಎದೆಬಡಿತಕ್ಕಾಗಿ ಹಣ ಕೊಡಬೇಡಿ. ಮನೆಯಲ್ಲಿ ಬಿಪಿ, ಹೃದಯದ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಅವರ ಗುರಿ ಎಷ್ಟು ಅಂತ ಡಾಕ್ಟರನ್ನೇ ಕೇಳಿ, ಆ್ಯಪ್‌ ಮಾತು ಕೇಳಬೇಡಿ.

ಭಾವ ಈಗ ಏರು ಹತ್ತುವ ಮೊದಲು ನಿಂತು, ಹೆಬ್ಬೆರಳ ಕೆಳಗೆ ಮಣಿಕಟ್ಟಿಗೆ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ ಎರಡು ಪಟ್ಟು ಮಾಡುತ್ತಾರೆ. ಎರಡನೇ ವರ್ಷದ ನನ್ನ ಹಣಕ್ಕೆ ಸ್ಟೋರ್‌ನಲ್ಲಿ ಅರ್ಜಿ ಹಾಕಿದ್ದೇನೆ, ಇನ್ನೂ ಬಂದಿಲ್ಲ. ಉಳಿದ ಮೂವರ ಫೋನುಗಳನ್ನು ಮೊನ್ನೆ ನಾನೇ ಹೋಗಿ ಇಸಿದುಕೊಂಡೆ. ಮೊದಲು ಸಬ್‌ಸ್ಕ್ರಿಪ್ಶನ್ ರದ್ದು, ಆಮೇಲೆ ಖಾತೆ ಅಳಿಸುವುದು, ಕೊನೆಗೆ ಆ್ಯಪ್ ತೆಗೆಯುವುದು. ರದ್ದಾಗಿದೆ ಅನ್ನುವ ಸ್ಕ್ರೀನ್ ಮೂರರಲ್ಲೂ ಬರುವವರೆಗೆ ನಾನು ಎದ್ದಿಲ್ಲ.