ಅಪ್‌ಸ್ಕೇಲಿಂಗ್ ಯಾರು ಮಾಡಲಿ: ಟಿವಿಯಾ, ಪ್ಲೇಯರಾ, ರಿಸೀವರಾ?

ಚಿಕ್ಕಮಗಳೂರಿನಲ್ಲಿ ಹೋಮ್‌ಸ್ಟೇ ನಡೆಸುವ ಗೆಳೆಯರೊಬ್ಬರ ಪ್ರಶ್ನೆ ಇದು. ಅಪ್‌ಸ್ಕೇಲಿಂಗ್ ಅಂದರೆ ಕಡಿಮೆ ಚುಕ್ಕಿಗಳ ಚಿತ್ರವನ್ನು ಪರದೆಯ ಅಳತೆಗೆ ಹಿಗ್ಗಿಸುವುದು. ಅವರ 4ಕೆ ಟಿವಿ, ಬ್ಲೂ-ರೇ ಪ್ಲೇಯರ್, ಎವಿ ರಿಸೀವರ್ (ಸಾಧನಗಳ ಚಿತ್ರ, ಧ್ವನಿಯನ್ನು ಟಿವಿಗೂ ಸ್ಪೀಕರ್‌ಗಳಿಗೂ ಹಂಚುವ ಪೆಟ್ಟಿಗೆ) ಮೂರಕ್ಕೂ ಈ ಕೆಲಸ ಗೊತ್ತು.

ಖರ್ಚು, ಸುಲಭ ಎರಡರಲ್ಲೂ ಟಿವಿಯೇ ಸರಿ. ಪರದೆಯಲ್ಲಿ 3840×2160 ಚುಕ್ಕಿಗಳಿವೆ. ಚಿಕ್ಕ ಚಿತ್ರ ಬಂದರೆ ಟಿವಿ ಅದನ್ನು ಹಿಗ್ಗಿಸಲೇಬೇಕು, ಅಲ್ವಾ? ಅತಿಥಿಗಳು ರಿಮೋಟ್ ಒತ್ತುವ ಕಡೆ ಇದೇ ನೆಮ್ಮದಿ. ಗೇಮ್ ಆಡುವವರಿಗೂ ಟಿವಿಯ ಗೇಮ್ ಮೋಡ್ ಒಳ್ಳೆಯದು, ತಡ ಕಡಿಮೆ.

ಹಳೆಯ ಡಿವಿಡಿ ಜಾಸ್ತಿ ಇದ್ದರೆ ಮಾತು ಬೇರೆ. ನಮ್ಮ ಪಾಲ್ (ನಮ್ಮಲ್ಲಿನ ಹಳೆಯ ಟಿವಿ ಪದ್ಧತಿ) ಡಿವಿಡಿಯ ಚಿತ್ರ 720×576 ಮಾತ್ರ, ಅದೂ ಹಲವು ಸಲ ಸಾಲು ಬಿಟ್ಟು ಸಾಲು ಬರುತ್ತದೆ. ಒಳ್ಳೆಯ ಪ್ಲೇಯರ್ ಆ ಸಾಲುಗಳನ್ನು ಚೆನ್ನಾಗಿ ಜೋಡಿಸುತ್ತದೆ. ಓರೆ ಗೆರೆಗಳು ಹಲ್ಲುಹಲ್ಲಾಗಿ ಕಾಣುತ್ತವಾ ನೋಡಿ. ಟಿವಿ, ಪ್ಲೇಯರ್ ಎರಡರಲ್ಲೂ ಪರೀಕ್ಷಿಸಿ, ನಯವಾಗಿ ಕಂಡದ್ದನ್ನು ಇಟ್ಟುಕೊಳ್ಳಿ. ಪ್ಲೇಯರ್ 1080ಪಿ (1920×1080 ಚುಕ್ಕಿ) ತನಕ ಮಾತ್ರ ಹಿಗ್ಗಿಸುವುದಾದರೆ ಉಳಿದದ್ದನ್ನು ಟಿವಿ ಮಾಡುತ್ತದೆ. ಎರಡು ಸಲ ಹಿಗ್ಗಿದರೆ ಚಿತ್ರ ಮಸುಕಾಗಬಹುದು.

ರಿಸೀವರ್ ಬೇಕಾಗುವುದು ವಿಸಿಆರ್‌ನಂಥ ಹಳೆಯ ಸಾಧನಗಳನ್ನು ಒಂದೇ ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಕೊಡಲು. ಎಲ್ಲ ಮಾಡೆಲ್‌ಗಳಲ್ಲೂ ಈ ಸೌಲಭ್ಯ ಇಲ್ಲ, ಕೇಳಿಯೇ ಕೊಳ್ಳಿ. ಬೇಡವಾದರೆ ಅದರ ಅಪ್‌ಸ್ಕೇಲಿಂಗ್ ಆಫ್ ಮಾಡಿ.

ಮಲೆನಾಡಿನ ಮಳೆಯಲ್ಲಿ ಡಿಶ್ ಸಿಗ್ನಲ್ ಒಡೆದರೆ ಮಾತ್ರ ಮೂರರಿಂದಲೂ ಪ್ರಯೋಜನವಿಲ್ಲ.