ಡಬ್ಬದ ತೂಕ ಕಳೆದು ಕೊಟ್ಟ ಕುಸ್ವಾರ್

ಮಂಗಳೂರಿನಲ್ಲಿ ಮನೆಯಲ್ಲೇ ಕುಸ್ವಾರ್, ಅಂದ್ರೆ ಕ್ರಿಸ್ಮಸ್ ತಿಂಡಿಗಳನ್ನು, ಮಾಡಿ ಮಾರುವ ಒಬ್ಬರು ಆಂಟಿ ಇದ್ದಾರೆ. ಹೆಸರು, ನಂಬರ್ ಹಾಕಬೇಡಿ ಎಂದಿದ್ದಾರೆ, ಇರುವ ಆರ್ಡರ್‌ಗಳೇ ಅವರಿಗೆ ಜಾಸ್ತಿಯಂತೆ. ಮೂರು ವರ್ಷದಿಂದ ಅವರ ಹತ್ತಿರವೇ ತರುತ್ತಿದ್ದೇನೆ.

ಮೊದಲು ರುಚಿಯ ವಿಷಯ. ನೆವ್ರಿ (ಕರ್ಜಿಕಾಯಿಯಂಥ ತಿಂಡಿ) ಅಂದ್ರೆ ಅವರದ್ದೇ. ಒಳಗೆ ಎಳ್ಳು, ಕಾಯಿ, ಗೋಡಂಬಿ ಧಾರಾಳವಾಗಿರುತ್ತದೆ, ಮುರಿದರೆ ಹೂರಣ ಉದುರುತ್ತದೆ. ರೋಸ್ ಕುಕೀಸ್ ತೆಳು, ಗರಿಗರಿ. ಹಿಟ್ಟನ್ನು ಸುರುಳಿ ಸುತ್ತಿ ಕರಿಯುವ ಕಿಡಿಯೊ ಮಾತ್ರ ಕಳೆದ ಸಲ ಸ್ವಲ್ಪ ಗಟ್ಟಿಯಾಗಿತ್ತು. ಅದನ್ನು ನಾನು ಹೇಳುವ ಮೊದಲೇ ಅವರೇ ಹೇಳಿದರು, ಒಂದು ತಿಂದು ನೋಡಿ ಬೇಕಾದರೆ ಮಾತ್ರ ತೆಗೆದುಕೊಳ್ಳಿ ಎಂದರು.

ಆದರೆ ನಾನು ಬರೆಯಲು ಕೂತದ್ದು ತಕ್ಕಡಿಯ ಬಗ್ಗೆ. ಇವರನ್ನು ಹುಡುಕುವ ಮೊದಲು ಒಂದು ಅಂಗಡಿಯಿಂದ ಕುಸ್ವಾರ್ ತಂದಿದ್ದೆ. ಮನೆಗೆ ಬಂದು ಸುಮ್ನೆ ತೂಗಿ ನೋಡಿದರೆ ಖಾಲಿ ಡಬ್ಬವೇ 90 ಗ್ರಾಂ. ಕೆಜಿಗೆ 600 ರೂಪಾಯಿ ಲೆಕ್ಕದಲ್ಲಿ 54 ರೂಪಾಯಿ ರಟ್ಟಿಗೆ ಕೊಟ್ಟಿದ್ದೆ! ಡಬ್ಬ ಬಿಟ್ಟು ಒಳಗಿನದ್ದನ್ನು ಮಾತ್ರ ತೂಗಬೇಕು ಎಂದು ಕಾನೂನೇ ಇದೆ, ಆದರೂ ಎಷ್ಟು ಕಡೆ ಇದೇ ನಡೆಯುತ್ತದೆ ಅಲ್ವಾ. ಆಂಟಿ ಮೊದಲು ಖಾಲಿ ಡಬ್ಬ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು, ಅದನ್ನು ನನಗೆ ತೋರಿಸಿ, ಆಮೇಲೆ ತುಂಬಿಸಿದರು. ನಾನು ಪರವಾಗಿಲ್ಲ ಎಂದೆ. "ಡಬ್ಬ ತಿನ್ಲಿಕ್ಕುಂಟಾ ನಿಮಗೆ?" ಎಂದು ಕೇಳಿದರು. ಆ ತಕ್ಕಡಿಗೆ ತೂಕ-ಅಳತೆ ಇಲಾಖೆಯ ಆ ವರ್ಷದ ಮುದ್ರೆಯೂ ಇತ್ತು. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಆದರೆ ಮನೆಯಲ್ಲಿ ಮಾರುವವರನ್ನು ಯಾರು ಬಂದು ಕೇಳುತ್ತಾರೆ ಹೇಳಿ.

2025ರಲ್ಲಿ ತೆಂಗಿನೆಣ್ಣೆಯ ರೇಟು ಹೇಗೆ ಏರಿತು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆ ಡಿಸೆಂಬರಿನಲ್ಲಿ ಕುಸ್ವಾರ್ ತಂದ ಮರುದಿನ ಸಂಜೆ ಆಂಟಿಯ ಫೋನ್ ಬಂತು. ಅಕ್ಕಿಹಿಟ್ಟಿನ ಸಣ್ಣ ಉಂಡೆ ಕರಿದು ಮಾಡುವ ಗುಳಿಯೊದ ಕೊನೆಯ ಒಬ್ಬೆಗೆ ತೆಂಗಿನೆಣ್ಣೆ ಸಾಕಾಗದೆ ಸನ್‌ಫ್ಲವರ್ ಎಣ್ಣೆ ಹಾಕಿದ್ದರಂತೆ, ಗಡಿಬಿಡಿಯಲ್ಲಿ ನನ್ನ ಪ್ಯಾಕೆಟಿಗೆ ಅದೇ ಬಂದಿದೆಯಂತೆ. "ತೆಂಗಿನೆಣ್ಣೆಯದ್ದು ಅಂತ ಹಣ ತೆಗೆದುಕೊಂಡಿದ್ದೇನೆ, ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ" ಎಂದರು. ನಾವು ಆಗಲೇ ಅರ್ಧ ತಿಂದಾಗಿತ್ತು, ಯಾರಿಗೂ ವ್ಯತ್ಯಾಸ ಗೊತ್ತಾಗಿರಲಿಲ್ಲ. ಬೇಡ ಬೇಡ ಎಂದರೂ 80 ರೂಪಾಯಿ ಗೂಗಲ್ ಪೇ ಮಾಡಿಯೇ ಬಿಟ್ಟರು.

ನಾನೂ ಕ್ರೈಸ್ತನೇ. ಪರಿಶುದ್ಧ ಜೀವನ ಎಂದರೆ ನಮ್ಮಲ್ಲಿ ಎಷ್ಟೋ ಜನರಿಗೆ ಮೊದಲು ನೆನಪಾಗುವುದು ಪ್ರಾರ್ಥನೆ, ಉಪವಾಸ, ಭಾನುವಾರದ ಆರಾಧನೆ. ಅವೆಲ್ಲ ಬೇಕು. ಆದರೆ ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ ತೆಗೆದು ಓದಿ. ಪರಿಶುದ್ಧರಾಗಿರಿ ಎಂದು ಶುರುವಾಗುವ ಆ ಅಧ್ಯಾಯದಲ್ಲೇ, ಕೂಲಿಯವನ ಸಂಬಳವನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ, ತಕ್ಕಡಿಯಲ್ಲಿ ಮೋಸ ಮಾಡಬೇಡ ಎಂಬ ಮಾತುಗಳೂ ಇವೆ. ನೆರೆಯವನನ್ನು ಪ್ರೀತಿಸು ಎಂಬುದೂ ಅಲ್ಲೇ ಇದೆ. ಯೇಸುವಿನ ಶಿಷ್ಯ ಪೇತ್ರನು ತನ್ನ ಮೊದಲ ಪತ್ರದಲ್ಲಿ ಆ ಕರೆಯನ್ನೇ ಎತ್ತಿಕೊಂಡು, ಎಲ್ಲಾ ನಡತೆಯಲ್ಲೂ ಪರಿಶುದ್ಧರಾಗಿರಿ ಎನ್ನುತ್ತಾನೆ. ಎಲ್ಲಾ ನಡತೆ ಎಂದಮೇಲೆ ಎಣ್ಣೆ ಬಾಣಲೆಯೂ ಬಂತು, ಡಬ್ಬದ 90 ಗ್ರಾಂ ಕೂಡ ಬಂತು.

ಸಂಬಳದ ವಿಷಯವನ್ನೂ ಕಣ್ಣಾರೆ ನೋಡಿದ್ದೇನೆ. ನೆವ್ರಿ ಮಡಚಲು ಇಬ್ಬರು ಹೆಂಗಸರು ಬರುತ್ತಾರೆ, ಸಂಜೆ ಅವರು ಕೈ ತೊಳೆದುಕೊಳ್ಳುವಷ್ಟರಲ್ಲಿ ಆಂಟಿ ಆ ದಿನದ ಹಣ ಎಣಿಸಿ ಕೊಡುತ್ತಾರೆ. ನಾನು ದುಡ್ಡು ಹಿಡಿದು ನಿಂತಿದ್ದರೂ ಮೊದಲು ಅವರಿಗೆ, ಆಮೇಲೆ ನನ್ನ ಲೆಕ್ಕ.

ತೊಂದರೆಗಳೂ ಇವೆ. ಡೆಲಿವರಿ ಇಲ್ಲ, ನಾವೇ ಹೋಗಬೇಕು. ಭಾನುವಾರ ಬಾಗಿಲು ತೆರೆಯುವುದಿಲ್ಲ. ಡಿಸೆಂಬರ್ 10ರ ಮೇಲೆ ಎಷ್ಟು ಕೇಳಿಕೊಂಡರೂ ಆರ್ಡರ್ ಇಲ್ಲ, ಒಪ್ಪಿಕೊಂಡು ಆಗದಿದ್ದರೆ ಮಾತು ತಪ್ಪಿದ ಹಾಗಾಗುತ್ತದಲ್ಲ ಎನ್ನುತ್ತಾರೆ. ರೇಟು ಅಂಗಡಿಗಿಂತ ಸ್ವಲ್ಪ ಜಾಸ್ತಿ, ಆದರೆ ಡಬ್ಬದ ತೂಕ ಕಳೆದು ನೋಡಿದರೆ ಆ ವ್ಯತ್ಯಾಸ ಅಷ್ಟೇನೂ ಉಳಿಯುವುದಿಲ್ಲ.

ಈ ವರ್ಷಕ್ಕೆ ಎರಡು ಕೆಜಿ ಹೇಳಿಟ್ಟಿದ್ದೇನೆ, ನೆವ್ರಿ ಜಾಸ್ತಿ, ಕಿಡಿಯೊ ಕಾಲು ಕೆಜಿ ಮಾತ್ರ.